ಹುಳದ ಮನೆಯ ಮೇಲಿನ ತಾಲೀಮು

ಎತ್ತಿದ ಬಲಗಾಲು ನೆಲಕ್ಕಿಳಿಯುವ ಮೊದಲೇ ಯಾರೋ ಅದನ್ನು ಎರಡೂ ಕೈಯಲ್ಲಿ ಗಪ್ಪನೆ ಹಿಡಿದುಬಿಟ್ಟರು. ನಾನು ಚೀರಿದ ರಭಸಕ್ಕೆ ಹಿತ್ತಲಿನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಕಣ್ಣು ಮುಚ್ಚಿ, ತಾಳ ಹೇಳಿಕೊಳ್ಳುತ್ತ, ಬೆಳಗಿನ ನೃತ್ಯದ ಅಡವು ಮಾಡುತ್ತಿದ್ದವಳು ನಾನು. ಕಣ್ಣು ಬಿಟ್ಟು ನೋಡಿದರೆ ಮನೆಯ ಒಡತಿ ನಾರಾಯಣಮ್ಮ ನನ್ನೆದುರು ಮೊಣಕಾಲೂರಿ ಕೂತಿದ್ದಾರೆ, ನನ್ನ ಪಾದ ಅವರ ಕೈಯಲ್ಲಿದೆ. ಮೆಟ್ಟಿಲು ಹತ್ತಿ ಓಡಿಬಂದ ಏದುಸಿರು ಇನ್ನೂ ಇಳಿದಿಲ್ಲ.

"ಬೇಡಮ್ಮಾ, ತಟ್ಟಬೇಡಿ! ಕೆಳಗಡೆ ಹುಳ ಜ್ವರಕ್ಕೆ ಕುಂತವೆ. ನೀವು ಒಂದೊಂದು ಸಲ ತಟ್ಟಿದ್ರೂ ಚಪ್ಪಡಿ ಸಂದಿಯಿಂದ ಧೂಳು ಉದುರ್ತದೆ. ಮೆಲ್ಲಗಾ ಅಮ್ಮಾ, ಮೆಲ್ಲಗಾ."

ನನಗಿಂತ ಹಿರಿಯರೊಬ್ಬರು ನನ್ನ ಕಾಲು ಹಿಡಿದದ್ದನ್ನು ಧಾರವಾಡದಲ್ಲಿ ನಮ್ಮವ್ವ ಕಂಡಿದ್ದರೆ ಕೆನ್ನೆಗೆ ಎರಡು ಬಾರಿಸುತ್ತಿದ್ದಳು. ಒಂಟಿಕಾಲಲ್ಲಿ ನಿಂತೇ ನಾನು "ತಪ್ಪಾತ್ರಿ, ಕಾಲ ಬಿಡ್ರಿ" ಎಂದು ಬೇಡಿಕೊಂಡೆ. ಆಕೆ ಬಿಡಲಿಲ್ಲ. ಕಾಲನ್ನು ಮೆತ್ತಗೆ ತಂದು ನೆಲದ ಮೇಲಿಟ್ಟು, ಮಗುವನ್ನು ಮಲಗಿಸಿದ ಹಾಗೆ ಒಮ್ಮೆ ಸವರಿ, ಆಮೇಲೆ ಎದ್ದರು.

ಧಾರವಾಡದಲ್ಲಿ ಕೂತು ಇದನ್ನು ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆಹುಳ ಬೆಳೆಯುತ್ತ ಬೆಳೆಯುತ್ತ ಆಗಾಗ ಪೊರೆ ಬಿಡುತ್ತದೆ. ಪೊರೆ ಬಿಡುವ ಆ ಹೊತ್ತಿಗೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಆಗ ಹುಳ ಸೊಪ್ಪು ಮುಟ್ಟುವುದಿಲ್ಲ, ಹರಿದಾಡುವುದಿಲ್ಲ, ತಲೆ ಎತ್ತಿ ಕಲ್ಲಿನ ಹಾಗೆ ಕೂತುಬಿಡುತ್ತದೆ. ಆಗ ಅದನ್ನು ಅಲುಗಿಸಿದರೆ ಪೊರೆ ಸರಿಯಾಗಿ ಕಳಚುವುದಿಲ್ಲ, ಬೆಳೆ ಕೈಕೊಡುತ್ತದೆ. ನಾನಿದ್ದದ್ದು ಶ್ರೀನಿವಾಸಪುರದ ರಸ್ತೆಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ, ಹುಳದ ಮನೆಯ ಕಲ್ಲುಚಪ್ಪಡಿಯ ಮೇಲೆ ಕಟ್ಟಿದ ಒಂಟಿ ಕೋಣೆಯಲ್ಲಿ. ನನ್ನ ಕಸುಬು ಭರತನಾಟ್ಯ. ಅಂದರೆ ನೆಲ ತಟ್ಟುವುದು.

ಇಂಥ ಕೋಣೆಗೆ ಯಾಕೆ ಹೋಗಿ ಬಿದ್ದೆ ಎಂದು ನೀವು ಕೇಳುತ್ತೀರಿ. ಕೋಲಾರದಲ್ಲಿ ಮನೆ ಕೇಳದ ಬೀದಿಯಿಲ್ಲ. ಒಬ್ಬಳೇ ಹೆಂಗಸು ಎಂದರೆ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಡ್ಯಾನ್ಸ್ ಎಂದ ಕೂಡಲೇ ಉಳಿದರ್ಧವೂ ಮುಚ್ಚಿಕೊಳ್ಳುತ್ತಿತ್ತು. "ಮೇಲ್ಗಡೆ ಮನೇಲಿ ಡ್ಯಾನ್ಸಾ? ನಮ್ಮ ಮನೆಯವ್ರಿಗೆ ಬೀಪಿ ಐತಮ್ಮಾ" ಎಂದು ಒಬ್ಬಾಕೆ ಕೈಮುಗಿದೇ ಬಿಟ್ಟರು. ಕೊನೆಗೆ ನನ್ನ ಜತೆ ತರಬೇತಿಗೆ ಸೇರಿದ್ದ ಪದ್ಮ, "ನಮ್ಮತ್ತೆ ಮನೆ ಮೇಲೊಂದು ರೂಮೈತೆ, ಬನ್ನಿ" ಎಂದಳು. ಆ ಅತ್ತೆಯೇ ನಾರಾಯಣಮ್ಮ.

ಇನ್ನು ಆ ತರಬೇತಿಯ ಮಾತು. ಇದು ನನ್ನ ಮಟ್ಟಿಗೆ ಬದುಕು ಸಾವಿನ ಪ್ರಶ್ನೆಯಾಗಿದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಧಾರವಾಡದಲ್ಲಿ ನನಗೆ ನೃತ್ಯ ಕಲಿಸಿದ ಅಕ್ಕೋರು, ಅಂದರೆ ನನ್ನ ಗುರುಗಳು, ಒಂದು ದಿನ ಎಲ್ಲರ ಎದುರು ಹೇಳಿದ್ದರು: "ವಿಜ್ಜಿ, ನೀ ಛಲೋ ಪಾತ್ರೆ. ಹಾಕಿದ್ದು ಒಂದ್ ಹನಿ ಚೆಲ್ಲಂಗಿಲ್ಲ. ಆದ್ರ ಅಡಗಿ ಮಾಡೂ ಕೈ ಅಲ್ಲ ನಿಂದು." ಅವರು ಕಟ್ಟಿದ್ದನ್ನು ನಾನು ಚಾಚೂ ತಪ್ಪದೆ ಕುಣಿಯುತ್ತಿದ್ದೆ, ಸ್ವಂತವಾಗಿ ಒಂದು ಹೆಜ್ಜೆಯನ್ನೂ ಕಟ್ಟಿರಲಿಲ್ಲ. ಆ ಮಾತು ಚುಚ್ಚಿತು. ಚುಚ್ಚಿದ್ದು ಯಾಕೆಂದರೆ ಅದು ನಿಜವಿರಬಹುದೆಂಬ ಹೆದರಿಕೆ ನನಗೂ ಇತ್ತು. ಕೋಲಾರದಲ್ಲಿ ಶಾಲಾ ಮಕ್ಕಳಿಗೆ ನೃತ್ಯ ಕಲಿಸುವವರನ್ನು ತಯಾರು ಮಾಡುತ್ತಾರೆ, ಕೊನೆಯಲ್ಲಿ ಪ್ರತಿಯೊಬ್ಬರೂ ತಾವೇ ಕಟ್ಟಿದ ಒಂದು ನೃತ್ಯ ತೋರಿಸಬೇಕು, ತೋರಿಸಿದವರಿಗೆ ಕೆಲಸ ಎಂದು ತಿಳಿದಾಗ ಗಂಟುಮೂಟೆ ಕಟ್ಟಿದೆ. ತೋರಿಸಲಾಗದಿದ್ದರೆ ಊರಿಗೆ ವಾಪಸ್ಸು. ಅಕ್ಕೋರ ಮಾತಿಗೆ ನಾನೇ ಸಾಕ್ಷಿಯಾಗಿ ಅವರ ವರಾಂಡದಲ್ಲಿ ಮಕ್ಕಳಿಗೆ ತಟ್ಟಡವು ಹೇಳಿಕೊಡುತ್ತ ಮುದುಕಿಯಾಗುವುದು.

ತರಬೇತಿ ನಡೆಯುತ್ತಿದ್ದದ್ದು ಕೋಲಾರದ ಹಳೆಯ ಛತ್ರವೊಂದರ ಊಟದ ಹಾಲಿನಲ್ಲಿ. ಮುಹೂರ್ತಗಳಿಲ್ಲದ ದಿನ ಅದು ನಮ್ಮದು, ಸಾಂಬಾರಿನ ವಾಸನೆ ಮಾತ್ರ ಯಾವಾಗಲೂ ಅದರದ್ದೇ. ಕಲಿಸುವವರು ಮುಳಬಾಗಿಲಿನ ಶಬಾನಾ ಮೇಡಂ, ಹತ್ತಿಯ ಚೂಡಿದಾರದ, ಸಣ್ಣ ದನಿಯ ಹೆಂಗಸು. ಮೊದಲ ದಿನ ನಾನು ರೇಷ್ಮೆ ಅಂಚಿನ ಪ್ರಾಕ್ಟೀಸ್ ಸೀರೆಯುಟ್ಟು, ಗೆಜ್ಜೆ ಕಟ್ಟಿ, ಎಲ್ಲರಿಗಿಂತ ಮುಂದೆ ನಿಂತಿದ್ದೆ.

"ಗೆಜ್ಜೆ ಬಿಚ್ಚಿಡಿ," ಎಂದರು ಮೇಡಂ. "ಈ ಗೋಡೆಯಿಂದ ಆ ಗೋಡೆಗೆ ನಡೀರಿ."

ನಡೆದೆ.

"ನೀವು ನಡೀತಿಲ್ಲ, ಸ್ಟೇಜಿಗೆ ಬರ್ತಿದ್ದೀರಿ. ಬಸ್ಸಿಗೆ ಹೋಗ್ತೀರಲ್ಲಾ, ಹಂಗೆ ನಡೀರಿ."

"ಯಾವ ಬಸ್ಸಿಗ್ರೀ?"

ಹಾಲಿಗೆ ಹಾಲೇ ನಕ್ಕಿತು. ನನ್ನ "ರೀ"ಗೆ ಅವರು ನಕ್ಕದ್ದೋ ಪ್ರಶ್ನೆಗೆ ನಕ್ಕದ್ದೋ ಇವತ್ತಿಗೂ ತಿಳಿಯದು. ಆದರೆ ನನಗಾದ ಆಘಾತ ಬೇರೆಯದು. ಇಷ್ಟು ವರ್ಷ ಕುಣಿದ ನನಗೆ ಸುಮ್ಮನೆ ನಡೆಯಲು ಬರುತ್ತಿರಲಿಲ್ಲ. ಸೊಂಟ ತಾನಾಗಿ ನೆಟ್ಟಗಾಗುತ್ತಿತ್ತು, ಕಣ್ಣು ತಾನಾಗಿ ಯಾರಿಗೋ ನಮಸ್ಕರಿಸುತ್ತಿತ್ತು.

ಆಮೇಲಿನ ದಿನಗಳೂ ಹೀಗೆಯೇ, ಒಂದೊಂದೂ ಒಂದೊಂದು ಪೆಟ್ಟು. ಮೊಣಕೈಯಿಂದ ಗಾಳಿಯಲ್ಲಿ ನಿಮ್ಮ ಹೆಸರು ಬರೆಯಿರಿ ಎಂದರು. ಪದ್ಮ ಎರಡು ಬೀಸಿಗೆ ಮುಗಿಸಿ ನಿಂತಳು, ನಾನು ವಿಜಯಲಕ್ಷ್ಮಿಯ ಒತ್ತಕ್ಷರದಲ್ಲಿ ಭುಜ ಉಳುಕಿಸಿಕೊಂಡೆ. ಎದುರಿಗಿದ್ದವರ ಕನ್ನಡಿಯಾಗಿ ಎಂದರು. ನಾನು ಎದುರಿನವಳನ್ನು ಅನುಸರಿಸುವ ಬದಲು ತಿದ್ದುತ್ತಿದ್ದೆ. ಒಮ್ಮೆ ಮನೆಯ ಒಂದು ಕೆಲಸ ತನ್ನಿ, ವಸ್ತು ಬೇಡ, ಅದರ ಚಲನೆ ಮಾತ್ರ ತನ್ನಿ ಎಂದರು. ಪದ್ಮ ಹುಳಕ್ಕೆ ಸೊಪ್ಪು ಹಾಕುವುದನ್ನು ತಂದಳು. ಮೊದಲು ಕೈಯಿಂದ ಹರಡಿದಳು, ಆಮೇಲೆ ಅದನ್ನೇ ಇಡೀ ಮೈಯಷ್ಟು ದೊಡ್ಡದು ಮಾಡಿದಳು, ಆಮೇಲೆ ಬರೀ ಭುಜದಷ್ಟು ಸಣ್ಣದು ಮಾಡಿದಳು, ಕೊನೆಗೆ ನೆಲದ ಮೇಲೆ ಮಲಗಿ ನಿಧಾನವಾಗಿ ಮಾಡಿದಳು. ನಡುವೆ ಎರಡು ಸಲ ನಗು ತಡೆಯಲಾಗದೆ ನಿಂತಳು, ಒಂದು ಸಲ ಮರೆತಳು. ಅವಳದೇನೂ ಅದ್ಭುತವಾಗಿರಲಿಲ್ಲ, ಆದರೆ ಅವಳದಾಗಿತ್ತು. ನಾನು ನಮ್ಮ ಜೋಳದ ರೊಟ್ಟಿ ಬಡಿಯುವುದನ್ನು ತಂದಿದ್ದೆ.

ಮೇಡಂ ತುಂಬ ಹೊತ್ತು ನೋಡಿದರು. "ರೊಟ್ಟಿ ಎಲ್ಲಿದೆ ವಿಜಯಾ? ನಂಗೆ 'ಇದು ರೊಟ್ಟಿ' ಅಂತ ಹೇಳೋ ಕೈ ಕಾಣ್ತಿದೆ. ರೊಟ್ಟಿ ಬಡಿಯೋ ಕೈ ಕಾಣ್ತಿಲ್ಲ."

ಅವತ್ತು ಬಸ್ಸಿನಲ್ಲಿ ಟೊಮೆಟೊ ಕ್ರೇಟುಗಳ ನಡುವೆ ನಿಂತು ಅತ್ತೆ. ಯಾರೋ ಅಜ್ಜಿ ತೆಲುಗಿನಲ್ಲಿ ಏನೋ ಕೇಳಿ, ಉತ್ತರ ಬರದಿದ್ದಕ್ಕೆ ಒಂದು ಹಣ್ಣು ಕೈಗಿಟ್ಟರು. ಧಾರವಾಡದಲ್ಲಾದರೆ ನಾಲ್ಕು ಜನ ಸುತ್ತುವರಿದು ಮನೆತನದ ಹೆಸರು ಕೇಳಿ, ಯಾರ ಮಗಳು ಎಂದು ಪತ್ತೆ ಹಚ್ಚಿ, ಮನೆಯ ತನಕ ಬಿಟ್ಟುಬರುತ್ತಿದ್ದರು. ಇಲ್ಲಿ ನಾನು ಯಾರ ಮಗಳೂ ಅಲ್ಲ. ಟೊಮೆಟೊವನ್ನು ಸೀರೆಗೆ ಒರೆಸಿ ತಿಂದೆ.

ಊಟದ್ದೂ ಒಂದು ಕಥೆ. ನಾರಾಯಣಮ್ಮನ ರಾಗಿಮುದ್ದೆಯನ್ನು ನಾನು ಅಗಿಯುತ್ತ ಕೂತಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. "ಅಯ್ಯೋ, ಅದನ್ನ ಯಾಕಮ್ಮಾ ಅಗೀತೀರಿ? ಬಸ್ಸಾರಲ್ಲಿ ಅದ್ದಿ ಬಿಟ್ಬಿಡಿ, ಅದೇ ಹೋಗ್ತದೆ." ಬಿಟ್ಟೆ. ಅದು ಹೋಗಲಿಲ್ಲ, ಗಂಟಲಲ್ಲೇ ಕೂತಿತು, ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಬಡಿದು, ಸುಟ್ಟು, ಮುರಿದು ತಿನ್ನುವುದೇ ಊಟ, ಸದ್ದಿಲ್ಲದ ಊಟ ನನಗೆ ಊಟವೆನಿಸುತ್ತಿರಲಿಲ್ಲ. ಈಗ ಎರಡು ದಿನ ಮುದ್ದೆ ಕಾಣದಿದ್ದರೆ ಹೊಟ್ಟೆ ಕೇಳುತ್ತದೆ.

ಕೋಣೆಯ ಕಟ್ಟಳೆಗಳೂ ಕಡಿಮೆಯಿರಲಿಲ್ಲ. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕುವಂತಿಲ್ಲ, ಅಗರಬತ್ತಿ ಕೂಡ ಬೇಡ, ಹುಳಕ್ಕೆ ಆಗುವುದಿಲ್ಲ. ಸೊಳ್ಳೆ ನನ್ನನ್ನು ತಿನ್ನುತ್ತಿತ್ತು, ಹುಳ ಸೊಪ್ಪು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಮಳೆ ಬಂತೆಂದು ಒಣಗಹಾಕಿದ ಬಟ್ಟೆ ತೆಗೆಯಲು ಓಡಿದೆ. ಹೊರಗೆ ರಣಬಿಸಿಲು. ಸದ್ದು ಕೆಳಗಿನಿಂದ ಬರುತ್ತಿತ್ತು, ಸಾವಿರಾರು ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು.

ಕಾಲು ಹಿಡಿದ ದಿನ ನಾರಾಯಣಮ್ಮ ಒಂದು ಒಪ್ಪಂದ ಮಾಡಿಕೊಂಡಿದ್ದರು. ಹುಳ ಜ್ವರಕ್ಕೆ ಕೂತಾಗ ನಾನು ತಟ್ಟಬಾರದು, ಎದ್ದ ಕೂಡಲೇ ಅವರು ಮೆಟ್ಟಿಲ ಬುಡದಿಂದ ಕೂಗಿ ಹೇಳುತ್ತಾರೆ. ಹೇಳಿದ ಹಾಗೆ ಕೂಗಿದರು: "ಲೇಚಿನಾಯಿ!" ತೆಲುಗಿನಲ್ಲಿ ಎದ್ದವು ಎಂದರ್ಥ. ನಾನು ಕಲಿತ ಮೊದಲ ತೆಲುಗು ಮಾತು ಅದೇ. ಅದು ಕಿವಿಗೆ ಬಿದ್ದ ಮೇಲೆ ನಾನು ತಟ್ಟಿದ ತಟ್ಟಿಗೆ ಕೆಳಗೆ ಎಷ್ಟು ಧೂಳು ಉದುರಿತೋ, ಆಕೆ ಮಾತ್ರ ಮತ್ತೆ ಮೆಟ್ಟಿಲು ಹತ್ತಿ ಬರಲಿಲ್ಲ.

ಹೀಗೇ ಒಂದು ಬೆಳೆ ಕಳೆಯಿತು, ಇನ್ನೊಂದು ಬಂತು. ತೋರಿಸುವ ದಿನ ಹತ್ತಿರವಾಯಿತು. ಎಲ್ಲರ ಹತ್ತಿರವೂ ಏನೋ ಒಂದಿತ್ತು, ಪದ್ಮ ಸೊಪ್ಪಿನ ನೃತ್ಯ ಕಟ್ಟಿಯಾಗಿತ್ತು. ನನ್ನ ಹತ್ತಿರ ಅಕ್ಕೋರು ಕೊಟ್ಟದ್ದೆಲ್ಲ ಇತ್ತು, ನನ್ನದೇನೂ ಇರಲಿಲ್ಲ. ಒಂದು ಹೆಜ್ಜೆ ಹೊಳೆದರೆ ಅದು ಅಕ್ಕೋರು ಕಲಿಸಿದ ಯಾವ ವರ್ಣದ ಎಷ್ಟನೆಯ ಸಾಲಿನದು ಎಂಬುದೂ ಜತೆಗೇ ಹೊಳೆಯುತ್ತಿತ್ತು. ಮೇಡಂ ಒಂದೇ ಮಾತು ಹೇಳಿದ್ದರು: "ಚಂದದ್ದು ಹುಡುಕ್ಬೇಡಿ. ನಿಮ್ಮ ಮೈಗೆ ಈಗ ಏನಾಗ್ತಿದೆ, ಅದನ್ನ ಹಿಡೀರಿ." ನನ್ನ ಮೈಗೆ ಹೆದರಿಕೆಯ ಹೊರತು ಬೇರೇನೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹುಳ ಕೊನೆಯ ಜ್ವರಕ್ಕೆ ಕೂತಿತು. ನಾಡಿದ್ದು ತೋರಿಸಬೇಕು, ಇವತ್ತು ಕಾಲು ಎತ್ತುವಂತಿಲ್ಲ! ಸಿಟ್ಟು ನೆತ್ತಿಗೇರಿತು. ದಡದಡ ಕೆಳಗಿಳಿದು ಹೋದೆ. ನಾರಾಯಣಮ್ಮ ಹುಳದ ಮನೆಯ ಬಾಗಿಲಲ್ಲಿ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ನನ್ನ ಮುಖ ನೋಡಿ ಮಾತಾಡದೆ ಚಪ್ಪಲಿ ಬಿಡಿ ಎಂದು ಸನ್ನೆ ಮಾಡಿ ಒಳಗೆ ಕರೆದರು.

ನಾನು ಅಲ್ಲಿಯವರೆಗೆ ಒಳಗೆ ಕಾಲಿಟ್ಟಿರಲಿಲ್ಲ. ಎತ್ತರಕ್ಕೆ ಜೋಡಿಸಿದ ತಟ್ಟೆಗಳ ತುಂಬ ಹುಳಗಳು. ಒಂದೂ ಅಲುಗದು. ಎಲ್ಲವೂ ಮೈಯ ಮುಂಭಾಗವನ್ನು ಎತ್ತಿ, ತಲೆಯನ್ನು ಗಾಳಿಯಲ್ಲಿ ನಿಲ್ಲಿಸಿ, ಯಾರೋ ಕರೆಯುತ್ತಾರೆಂದು ಕಾದ ಹಾಗೆ. ಅವತ್ತು ಮಧ್ಯಾಹ್ನ ಕೇಳಿದ ಆ ಮಳೆಯ ಸದ್ದಿನ ಸುಳಿವೇ ಇಲ್ಲ. ಮೊದಲು ಹೇಸಿಗೆಯಾಯಿತು, ಆಮೇಲೆ ಹೆದರಿಕೆಯಾಯಿತು, ಆಮೇಲೆ ಕಣ್ಣು ಕೀಳಲಾಗಲಿಲ್ಲ.

"ನಿದ್ದೀನಾ ಅಮ್ಮಾ?" ಎಂದು ಪಿಸುಗುಟ್ಟಿದೆ.

"ನಿದ್ದೆ ಎಲ್ಲಿ ಬಂತು? ಹಳೇ ಚರ್ಮ ಬಿಡ್ಬೇಕಲ್ಲಾ. ಒಳಗೊಳಗೇ ಪಾಡು ಪಡ್ತವೆ. ಹೊರಗೆ ನೋಡೋರಿಗೆ ಸುಮ್ಕೆ ಕುಂತಂಗೆ ಕಾಣ್ತವೆ."

ಆಕೆ ಹುಳದ ವಿಷಯ ಹೇಳಿ ತಮ್ಮ ಪಾಡಿಗೆ ಸುಣ್ಣ ಉದುರಿಸಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಹೊರಟೆ.

ಮೇಲೆ ಬಂದೆ. ಮಂಡಿ ಅರ್ಧ ಬಗ್ಗಿಸಿ ಅರಮಂಡಿಗೆ ಕೂತೆ. ಬಲಗಾಲು ಎತ್ತಿದೆ, ಇಳಿಸಲಿಲ್ಲ. ಕೆಳಗಿನ ತಲೆಗಳೆಲ್ಲ ನೆನಪಾದವು. ಕಾಲು ಗಾಳಿಯಲ್ಲೇ ನಿಂತಿತು, ತೊಡೆ ನಡುಗಿತು, ಬೆವರು ಬಂತು. ಮೆಲ್ಲಗೆ, ಬೆರಳಿನಿಂದ ಶುರು ಮಾಡಿ, ನಾರಾಯಣಮ್ಮ ಅವತ್ತು ಇಳಿಸಿದ ಹಾಗೆ ಇಳಿಸಿದೆ. ಇದು ಯಾವ ವರ್ಣದಲ್ಲೂ ಇರಲಿಲ್ಲ.

ಆಮೇಲೆ ಮೇಡಂ ಹೇಳಿಕೊಟ್ಟದ್ದೆಲ್ಲ ಒಂದೊಂದಾಗಿ ಕೈಗೆ ಬಂತು. ಎತ್ತಿ ನಿಂತ ಕಾಲಿನ ಚಲನೆಯನ್ನು ಮೊಣಕೈಗೆ ಕೊಟ್ಟು ನೋಡಿದೆ, ಕುತ್ತಿಗೆಗೆ ಕೊಟ್ಟು ನೋಡಿದೆ. ಅದನ್ನೇ ನೆಲಕ್ಕಂಟಿ ಮಾಡಿದೆ, ಎದ್ದು ನಿಂತು ಮಾಡಿದೆ. ಬೇಗ ಮಾಡಿದರೆ ಸುಳ್ಳಾಗುತ್ತಿತ್ತು, ನಿಧಾನ ಮಾಡಿದರೆ ನಿಜವಾಗುತ್ತಿತ್ತು. ತಲೆ ಎತ್ತಿ ಕಾಯುವುದನ್ನು ಮೊದಲಿಗೆ ಇಟ್ಟೆ, ಸರಿಯೆನಿಸಲಿಲ್ಲ, ಕೊನೆಗೆ ಇಟ್ಟೆ. ನಡುವೆ ಒಂದು ಕಡೆ ರೊಟ್ಟಿ ಬಡಿಯುವ ಕೈ ತಾನಾಗಿ ಬಂತು, ಆದರೆ ಅಂಗೈ ಅಂಗೈಗೆ ತಾಗದೆ, ಸದ್ದಿಲ್ಲದೆ ಬಂತು. ನಮ್ಮವ್ವನ ಕೈ ಅದು. ಅಳು ಒತ್ತರಿಸಿ ಬಂತು, ಅತ್ತೆ. ನನ್ನೊಳಗಿನಿಂದ ಏನೋ ಒಂದು ಬಂದೇ ಬಿಟ್ಟಿತ್ತಲ್ಲ, ಅದನ್ನು ನಂಬಲು ಆಗಲೇ ಇಲ್ಲ.

ತೋರಿಸುವ ದಿನ ಪದ್ಮಳ ಜತೆ ನಾರಾಯಣಮ್ಮನೂ ಬಂದು ಹಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಹೊರಡುವ ಮನಸ್ಸಿರಲಿಲ್ಲ, ಹುಳವನ್ನು ಗಂಡನ ಕೈಗೆ ಒಪ್ಪಿಸಿ ಹತ್ತು ಸಲ ಎಚ್ಚರಿಕೆ ಹೇಳಿ ಬಂದಿದ್ದರು. ನಾನು ಗೆಜ್ಜೆಯಿಲ್ಲದೆ, ಹಾಡಿಲ್ಲದೆ, ಮಾಸಲು ಚೂಡಿದಾರದಲ್ಲಿ ನಿಂತೆ. ಕಾಲು ಎತ್ತಿದೆ. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಗಿಯುವವರೆಗೂ ಒಮ್ಮೆಯೂ ನೆಲ ತಟ್ಟಲಿಲ್ಲ. ಕೊನೆಗೆ ತಲೆಯೆತ್ತಿ, ಒಂದು ಕಾಲೆತ್ತಿ, ಹಾಗೇ ನಿಂತೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಗಿಯಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮೇಡಂ ಕೇಳಿದರು: "ಕಾಲು ಯಾಕೆ ಇಳೀಲಿಲ್ಲ ವಿಜಯಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ನಾರಾಯಣಮ್ಮನ ಗಂಟಲು ಕೇಳಿತು. "ಕೆಳಗಡೆ ಹುಳ ಅವಲ್ಲಾ!" ಇದನ್ನೂ ಕೇಳಬೇಕಾ ಎನ್ನುವ ಹಾಗಿತ್ತು ಆ ದನಿ.

ಹಾಲು ಒಂದು ಕ್ಷಣ ಬೆಪ್ಪಾಯಿತು. ಆಮೇಲೆ ಹುಳ ಸಾಕುವ ಮನೆಗಳಿಂದ ಬಂದವರೆಲ್ಲ ಒಟ್ಟಿಗೆ "ಓ!" ಎಂದರು, ಆಮೇಲೆ ಚಪ್ಪಾಳೆ ಬಿತ್ತು. ಮೇಡಂ ನಕ್ಕರು. "ನಂಗೆ ಹುಳ ಗೊತ್ತಾಗ್ಲಿಲ್ಲ. ಆದ್ರೆ ಕೆಳಗೆ ಯಾರೋ ಇದ್ದಾರೆ ಅಂತ ಗೊತ್ತಾಯ್ತು. ಅಷ್ಟು ಸಾಕು." ನನಗೆ ಮುಳಬಾಗಿಲಿನಲ್ಲೊಂದು, ಮಾಲೂರಿನಲ್ಲೊಂದು ಶಾಲೆ ಸಿಕ್ಕಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾರಾಯಣಮ್ಮ ನನ್ನನ್ನು "ನೀವು" ಎನ್ನುವುದು ಬಿಟ್ಟು "ನೀನು" ಎನ್ನತೊಡಗಿದ್ದರು. ಅದು ನನಗೆ ಕೆಲಸ ಸಿಕ್ಕಿದ್ದಕ್ಕಿಂತ ದೊಡ್ಡದೆನಿಸಿತು.

ರಜೆಗೆ ಧಾರವಾಡಕ್ಕೆ ಬಂದೆ. ನಮ್ಮವ್ವನ ರೊಟ್ಟಿಯ ಸದ್ದಿಗೆ ಎಚ್ಚರವಾಯಿತು, ಕಟುಂ ಎಂದು ಮುರಿದು ತಿಂದೆ, ಮನಸ್ಸು ತುಂಬಿತು. ಆದರೂ ನಮ್ಮ ಮನೆಯ ಬಾಗಿಲು ಯಾಕಿಷ್ಟು ಜೋರಾಗಿ ಬಡಿದುಕೊಳ್ಳುತ್ತದೆ, ಎಲ್ಲರೂ ಯಾಕಿಷ್ಟು ಗದ್ದಲ ಮಾಡುತ್ತಾರೆ ಎಂದು ಕಿರಿಕಿರಿಯಾಗುತ್ತಿತ್ತು. "ಮೆಲ್ಲಗಾ" ಎಂದು ತಮ್ಮನಿಗೆ ಹೇಳಿ ನಗೆಪಾಟಲಾದೆ.

ಅಕ್ಕೋರ ಮನೆಗೆ ಹೋದೆ. ಕಾಲಿಗೆ ಬಿದ್ದು ಎದ್ದಮೇಲೆ, "ಏನೋ ಕಟ್ಟೀಯಂತ, ತೋರಿಸು" ಎಂದರು. ತಟ್ಟುಕೋಲು ಕೈಯಲ್ಲೇ ಇತ್ತು. ನಾನು ಬೆಳೆದ ಆ ವರಾಂಡದಲ್ಲಿ, ತಟ್ಟಿ ತಟ್ಟಿ ನಾನೇ ಸವೆಸಿದ ನೆಲದ ಮೇಲೆ ಅರಮಂಡಿಗೆ ಕೂತು ಕಾಲೆತ್ತಿದೆ. ಅಕ್ಕೋರು ಕೋಲೆತ್ತಿದರು, ಕಾಲು ಬೀಳುವಾಗ ತಾಳ ಹಾಕಲು. ಕಾಲು ಬೀಳಲಿಲ್ಲ. ಕೋಲೂ ಮೇಲೇ ನಿಂತಿತು. ಮುಗಿಯುವವರೆಗೂ ಅವರು ಅದನ್ನು ಇಳಿಸಲಿಲ್ಲ.

"ಕಾಲ ಯಾಕ ಇಳಿಸಂಗಿಲ್ಲ ವಿಜ್ಜಿ?" ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ಕೆಳಗ ಏನದ?"

ಕೆಳಗೆ ಏನೂ ಇಲ್ಲ. ಧಾರವಾಡದ ಗಟ್ಟಿ ನೆಲ ಇದೆ. ಹಿಂದಿನ ಸಾಲಿನಿಂದ ಉತ್ತರ ಹೇಳುವವರೂ ಇಲ್ಲಿ ಯಾರೂ ಇಲ್ಲ.

ಅಕ್ಕೋರು ಕೋಲನ್ನು ಪಕ್ಕಕ್ಕಿಟ್ಟರು. "ಇನ್ನೊಮ್ಮೆ ಮಾಡು. ಸಾವಕಾಶ ನೋಡತೀನಿ."

ಎರಡನೆಯ ಸಲ ಮುಗಿಯುವಷ್ಟರಲ್ಲಿ ಫೋನು ಬಂತು. ನಾರಾಯಣಮ್ಮ. ಯಾವ ಪೀಠಿಕೆಯೂ ಇಲ್ಲದೆ ಮೆಟ್ಟಿಲ ಬುಡದಿಂದ ಕೂಗುವ ಅದೇ ಗಂಟಲಲ್ಲಿ ಕೂಗಿದರು: "ಲೇಚಿನಾಯಿ! ಎದ್ದವೆ ಕಣಮ್ಮಾ! ಇನ್ನು ನಿನ್ನಿಷ್ಟ, ತಟ್ಟು!"

"ಅಮ್ಮಾ, ನಾನು ಧಾರವಾಡದಾಗ ಇದ್ದೀನ್ರಿ."

"ಗೊತ್ತಮ್ಮಾ. ಆದ್ರೂ ಹೇಳ್ಬೇಕಲ್ಲಾ."

ನಾನು ಫೋನನ್ನು ನೆಲದ ಹತ್ತಿರ ಹಿಡಿದು ಬಲಗಾಲೆತ್ತಿ ಒಮ್ಮೆ ಬಲವಾಗಿ ತಟ್ಟಿದೆ. ವರಾಂಡ ಗುಂಯ್ ಎಂದಿತು. ಅಕ್ಕೋರು ಬೆಚ್ಚಿದರು.

"ಕೇಳಿಸ್ತಾ ಅಮ್ಮಾ?"

"ಕೇಳಿಸ್ತು," ಎಂದರು ನಾರಾಯಣಮ್ಮ. ಬಹುಶಃ ತಲೆಯ ಮೇಲಿನ ಚಪ್ಪಡಿಯ ಕಡೆ ನೋಡುತ್ತಿದ್ದರು. "ಧೂಳೇ ಉದುರ್ಲಿಲ್ಲಮ್ಮಾ."